ಸುಭದ್ರೆಯ ಋಣ

ಹುನ್ನೂರಿನ ನಮ್ಮ ಮನೆಯಲ್ಲಿ ಹಾಡುಗಾರರನ್ನು ಅಳೆಯಲು ಎರಡೇ ಕೊಳಗಗಳಿದ್ದವು. ಧಾರವಾಡ ಆಕಾಶವಾಣಿಯಲ್ಲಿ ಯಾರಾದರೂ ಖಯಾಲ್ ಹಾಡತೊಡಗಿದರೆ ನಮ್ಮ ಸೋದರಮಾವ ರುಮಾಲು ಸರಿಮಾಡಿಕೊಂಡು ನೆಟ್ಟಗೆ ಕೂತು, “ಇಂವ ಗವಾಯಿ” ಅನ್ನುತ್ತಿದ್ದರು. ಜಾತ್ರೆಗೆ ಬಂದ ಕಂಪನಿಯ ನಟನೊಬ್ಬ ಅದೇ ರಾಗವನ್ನು ಅಷ್ಟೇ ಸುಖವಾಗಿ ಹಾಡಿದರೆ, “ಎಷ್ಟ ಹಾಡಿದ್ರೂ ಏನ್ ಬಂತೋ ತಮ್ಮಾ, ಅಂವ ನಾಟಕದಾಂವ” ಅನ್ನುತ್ತಿದ್ದರು. ಹೀಗೆ ಅನ್ನುವ ಮನುಷ್ಯನೇ ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ‘ವನ್ಸ್ ಮೋರ್’ ಕೂಗುತ್ತಿದ್ದದ್ದು ಬೇರೆ ಮಾತು.

ಮಾವನ ಈ ತೀರ್ಪು ಅವರೊಬ್ಬರದೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಸವಾಯಿ ಗಂಧರ್ವರ ಬಗ್ಗೆ ನಾವು ಓದುತ್ತ, ಹೇಳುತ್ತ ಬಂದಿರುವ ಕಥೆಯೂ ಇದೇ ತೀರ್ಪಿನ ಮೇಲೆ ನಿಂತಿದೆ. ಕುಂದಗೋಳದ ಹುಡುಗ ರಾಮಭಾವು ನಾಡಿಗೇರ ವಾಡೆಯಲ್ಲಿ ಅಬ್ದುಲ್ ಕರೀಂ ಖಾನರ ಹಾಡು ಕೇಳಿ ಮರುಳಾದ, ಶಿಷ್ಯನಾದ. ಆಮೇಲೆ ಗುರುವಿನ ಮನಸ್ಸಿಗೆ ವಿರುದ್ಧವಾಗಿ ಮರಾಠಿ ನಾಟಕ ಕಂಪನಿ ಸೇರಿ ಹೆಣ್ಣುಪಾತ್ರ ಮಾಡುತ್ತ ವರ್ಷಗಟ್ಟಲೆ ತಿರುಗಿದ. ಕೊನೆಗೆ ಊರಿಗೆ ಮರಳಿ ‘ಶುದ್ಧ’ ಸಂಗೀತಕ್ಕೆ ಮನಸ್ಸು ಕೊಟ್ಟ. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಫಿರೋಜ್ ದಸ್ತೂರರಂಥ ಶಿಷ್ಯರನ್ನು ಕೊಟ್ಟು ಪಾವನನಾದ. ಕೆಟ್ಟು ಪಟ್ಟಣ ಸೇರಿದವನು ಬುದ್ಧಿ ಬಂದು ಮನೆಗೆ ಬಂದ ಎಂಬ ಧಾಟಿ. ಇದರಲ್ಲಿ ನಾಟಕದ ವರ್ಷಗಳಿಗೆ ಇರುವ ಸ್ಥಾನ ಒಂದೇ: ಅವು ಕಳೆದುಹೋದ ವರ್ಷಗಳು.

ಈ ಕಥೆಯ ಘಟನೆಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವುಗಳಿಂದ ತೆಗೆದ ಅರ್ಥದ ಬಗ್ಗೆ. ಸವಾಯಿ ಗಂಧರ್ವರು ರಂಗಭೂಮಿಗೆ ಹೋದರೂ ದೊಡ್ಡ ಗಾಯಕರಾದರು ಎನ್ನುವುದು ರೂಢಿಯ ಮಾತು. ಹೋದದ್ದರಿಂದಲೇ ಅವರು ಆ ಬಗೆಯ ಗಾಯಕರಾದರು ಎಂಬುದು ನನ್ನ ವಾದ.

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. 1886ರಲ್ಲಿ ಹುಟ್ಟಿದ ರಾಮಚಂದ್ರ ಗಣೇಶ ಕುಂದಗೋಳಕರ ಅವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಬಂದದ್ದು ಅಮರಾವತಿಯಲ್ಲಿ. ಕೊಟ್ಟವರು ದಾದಾಸಾಹೇಬ ಖಾಪರ್ಡೆ. ಕೊಟ್ಟದ್ದು ಅವರ ರಂಗದ ಮೇಲಿನ ಹಾಡಿಕೆಗೆ. ‘ಸವಾಯಿ’ ಅಂದರೆ ಒಂದೂಕಾಲು. ಬಾಲಗಂಧರ್ವರು ಒಂದಾದರೆ ಇವರು ಅದಕ್ಕಿಂತ ಕಾಲು ಪಾಲು ಹೆಚ್ಚು ಎಂಬ ಮೆಚ್ಚುಗೆ. ಇಲ್ಲೊಂದು ತಮಾಷೆ ಇದೆ. ಜೀವನಪೂರ್ತಿ ನಟನೆಂದೇ ಹೆಸರಾದ ನಾರಾಯಣ ರಾಜಹಂಸರಿಗೆ ‘ಬಾಲಗಂಧರ್ವ’ ಎಂಬ ಹೆಸರು ಬಂದದ್ದು ಹುಡುಗನಾಗಿದ್ದಾಗ ಲೋಕಮಾನ್ಯ ತಿಲಕರೆದುರು ಹಾಡಿದ್ದಕ್ಕೆ ಎನ್ನುತ್ತಾರೆ. ಅಂದರೆ ನಟನಿಗೆ ಬಿರುದು ಕೊಟ್ಟದ್ದು ಬರಿಯ ಹಾಡು, ಖಯಾಲ್ ಗಾಯಕನಿಗೆ ಬಿರುದು ಕೊಟ್ಟದ್ದು ನಾಟಕ. 1953ರಿಂದ ಪುಣೆಯಲ್ಲಿ ಸವಾಯಿ ಗಂಧರ್ವರ ಹೆಸರಿನ ಉತ್ಸವ ನಡೆಯುತ್ತಿದೆ. ದೇಶದ ಅತಿ ದೊಡ್ಡ ಶಾಸ್ತ್ರೀಯ ಸಂಗೀತೋತ್ಸವಗಳಲ್ಲಿ ಒಂದಾದ ಅದರ ಫಲಕದ ಮೇಲಿರುವುದು ಒಂದು ನಾಟಕದ ಬಿರುದು. ಹೆಸರನ್ನು ಇಟ್ಟುಕೊಂಡೆವು, ಅದು ಹುಟ್ಟಿದ ಮನೆಯನ್ನು ಮರೆತೆವು.

ಇನ್ನು ದನಿಯ ವಿಷಯ. ರಾಮಭಾವು ಅವರದು ಹುಟ್ಟಿನಿಂದ ಸಕ್ಕರೆಯಂಥ ಕಂಠವಲ್ಲ. ಹರೆಯದಲ್ಲಿ ದನಿ ಒಡೆದ ಮೇಲೆ ಅದು ಒರಟಾಯಿತು. ಅದನ್ನು ಹದಕ್ಕೆ ತರಲು ಅವರು ಪಟ್ಟ ಪಾಡು ದೊಡ್ಡದು. ಗುರು ಅಬ್ದುಲ್ ಕರೀಂ ಖಾನರದು ರೇಶ್ಮೆಯ ಎಳೆ. ರೇಶ್ಮೆಯ ಪಾಠವನ್ನು ಕಂಬಳಿಯಲ್ಲಿ ನೇಯುವುದು ಹೇಗೆ ಎಂಬುದು ಶಿಷ್ಯನ ಮುಂದಿದ್ದ ಪ್ರಶ್ನೆ. ಗುರುವಿನ ಎದುರಿನ ರಿಯಾಜು ಅದಕ್ಕೆ ಅರ್ಧ ಉತ್ತರ ಕೊಟ್ಟಿತು. ಉಳಿದರ್ಧ ಸಿಕ್ಕಿದ್ದು ಎಲ್ಲಿ ಎಂದು ತಿಳಿಯಬೇಕಾದರೆ ಕಂಪನಿ ನಾಟಕದ ಒಂದು ರಾತ್ರಿಯ ಹತ್ತಿರ ಹೋಗಬೇಕು.

ಮೈಕಿಲ್ಲದ ಕಾಲ. ತಗಡಿನ ಮಾಡು, ಬಿದಿರಿನ ತಟ್ಟಿ, ಹಿಂದಿನ ಸಾಲಿನಲ್ಲಿ ಬೀಡಿ ಸೇದುತ್ತ ನೆಲದ ಮೇಲೆ ಕೂತ ಜನ. ಬದಿಯಲ್ಲಿ ಕಾಲಿನಿಂದ ತುಳಿಯುವ ಪೇಟಿಯ ಮುಂದೆ ಮಾಸ್ತರು, ಪಕ್ಕದಲ್ಲಿ ತಬಲಾ. ರಾಮಭಾವು ಕಟ್ಟಿದ ‘ಸೌಭದ್ರ’ ನಾಟಕದ ಸುಭದ್ರೆ ಬಂದು ನಿಲ್ಲುತ್ತಾಳೆ, ಪದ ಎತ್ತುತ್ತಾಳೆ, ಮುಗಿಸುತ್ತಾಳೆ. ಹಿಂದಿನಿಂದ ಕೂಗು: ‘ವನ್ಸ್ ಮೋರ್!’ ಪೇಟಿ ಮಾಸ್ತರು ಅದೇ ಸುರ ಹಿಡಿಯುತ್ತಾರೆ. ಎರಡನೆಯ ಸಲ ಅದೇ ಪದವನ್ನು ಅದೇ ರೀತಿ ಹಾಡಿದರೆ ಜನ ಸುಮ್ಮನಾಗುತ್ತಾರೆ, ನಟ ಸೋತಂತೆ. ಮುಖಡಾ ಅದೇ ಇರಬೇಕು, ಅಲ್ಲಿಗೆ ಬರುವ ದಾರಿ ಬೇರೆಯಾಗಬೇಕು. ಮೂರನೆಯ ಸಲ ಕೂಗು ಬಂದರೆ ಇನ್ನೊಂದು ದಾರಿ. ಸ್ವರ ಕೊನೆಯ ಸಾಲಿಗೆ ಮುಟ್ಟಬೇಕು, ಆದರೆ ಕಿರುಚಬಾರದು. ಸುಭದ್ರೆ ಕಿರುಚುವ ಹೆಣ್ಣಲ್ಲ. ರಾತ್ರಿ ಕಳೆಯುವತನಕ ಕಂಠ ಉಳಿಯಬೇಕು, ಮಾರನೆಯ ದಿನ ಮತ್ತೆ ನಿಲ್ಲಬೇಕು.

ಇದನ್ನು ಅಗ್ಗದ ಜನಮೆಚ್ಚುಗೆ ಎಂದು ತಳ್ಳಿಹಾಕುವ ವಿಮರ್ಶಕರಿಗೆ ನನ್ನದೊಂದು ಪ್ರಶ್ನೆ: ಒಂದೇ ಮುಖಡಾ ಹಿಡಿದು, ಪ್ರತಿಸಲ ಬೇರೆ ದಾರಿಯಲ್ಲಿ ಸಮ್‌ಗೆ ಬಂದು ಮುಟ್ಟುವುದಕ್ಕೆ ಖಯಾಲಿನಲ್ಲಿ ಏನೆನ್ನುತ್ತಾರೆ? ಬಡತ್ ಎನ್ನುತ್ತಾರೆ, ವಿಸ್ತಾರ ಎನ್ನುತ್ತಾರೆ, ಅದಕ್ಕೇ ತಲೆದೂಗುತ್ತಾರೆ. ಬೈಠಕ್ಕಿನಲ್ಲಿ ಆ ವಿಸ್ತಾರವನ್ನು ಬೇಡುವವನು ಮರ್ಯಾದೆಯಿಂದ ‘ವಾಹ್’ ಅನ್ನುತ್ತಾನೆ. ತಗಡಿನ ಥಿಯೇಟರಿನಲ್ಲಿ ಬೇಡುವವನು ಶಿಳ್ಳೆ ಹೊಡೆಯುತ್ತಾನೆ. ವ್ಯತ್ಯಾಸ ಸಭ್ಯತೆಯಲ್ಲಿದೆ, ಸಂಗೀತದಲ್ಲಿಲ್ಲ.

ಸವಾಯಿ ಗಂಧರ್ವರ 78 ಆರ್‌ಪಿಎಂ ತಟ್ಟೆಗಳನ್ನು ಈ ಬೆಳಕಿನಲ್ಲಿ ಕೇಳಬೇಕು. ಮೂರು ಮಿನಿಟು, ಸ್ವಲ್ಪ ಹೆಚ್ಚು, ಅಷ್ಟೇ ಜಾಗ. ಒಂದು ತಾಸಿನ ರಾಗವನ್ನು ಇಷ್ಟಕ್ಕೆ ಇಳಿಸುವಾಗ ಆ ಕಾಲದ ಅನೇಕ ಬುವಾಗಳು ತಬ್ಬಿಬ್ಬಾದದ್ದು ಅವರ ತಟ್ಟೆಗಳಲ್ಲೇ ಕೇಳುತ್ತದೆ. ಆಲಾಪವನ್ನು ಅರ್ಧಕ್ಕೆ ಬಿಟ್ಟು ತಾನಿಗೆ ಓಡುತ್ತಾರೆ. ಕುಂದಗೋಳಕರರಿಗೆ ಆ ಗಡಿಬಿಡಿ ಇಲ್ಲ. ಅವರ ಭೈರವಿಯಲ್ಲಿ ಮೊದಲ ಸಾಲು ಮುಗಿಯುವಷ್ಟರಲ್ಲಿ ರಾಗವೂ ಬಂದು ಕೂತಿರುತ್ತದೆ, ಹಾಡುವವಳ ಸ್ಥಿತಿಯೂ ಗೊತ್ತಾಗಿರುತ್ತದೆ. ಹಾಡುವವಳು ಎಂದು ಬೇಕೆಂದೇ ಬರೆದೆ. ಅಬ್ದುಲ್ ಕರೀಂ ಖಾನರನ್ನು ಕೇಳಿದಾಗ ಅವರು ತಮ್ಮೊಳಗೆ ತಾವೇ, ಅಥವಾ ದೇವರೆದುರು ಹಾಡುತ್ತಿದ್ದಾರೆ ಎನಿಸುತ್ತದೆ. ನಾವು ಬಾಗಿಲ ಸಂದಿಯಿಂದ ಕೇಳಿದವರು. ಶಿಷ್ಯನ ಹಾಡು ಎದುರಿಗೆ ನಿಂತ ಒಬ್ಬರನ್ನು ಕುರಿತದ್ದು. ಗುರುವಿನದು ಪ್ರಾರ್ಥನೆ, ಶಿಷ್ಯನದು ಸಂಬೋಧನೆ. ಈ ಸಂಬೋಧನೆಯ ಗುಣ ಇವರಿಬ್ಬರ ಕಿರಾನಾ ಘರಾಣೆಗೆ ತಾಲೀಮಿನಿಂದ ಬಂದದ್ದಲ್ಲ, ರಂಗದಿಂದ ಬಂದದ್ದು.

ಅದರ ಮುಂದಿನ ಕೊಂಡಿ ಭೀಮಸೇನ ಜೋಶಿ. ರೋಣದ ಹುಡುಗ ಖಾನಸಾಹೇಬರ ತಟ್ಟೆ ಕೇಳಿ ಮನೆ ಬಿಟ್ಟದ್ದು ಎಲ್ಲರಿಗೂ ಗೊತ್ತು. ಆದರೆ ಭೀಮಸೇನರ ತಾನು, ಅವರ ಕೈ, ಅವರ ಮುಖ, ಸಭೆಯ ಕೊನೆಯ ಕುರ್ಚಿಯವನನ್ನು ಹೆಸರು ಹಿಡಿದು ಕರೆದಂತೆ ಎಸೆಯುವ ಆ ಷಡ್ಜ, ಇವು ಖಾನಸಾಹೇಬರ ಮನೆಯ ಸಾಮಾನುಗಳಲ್ಲ. ನನ್ನ ಕಿವಿಗೆ ಇವು ಸುಭದ್ರೆಯಾಗಿ ನಿಂತವನ ಶಿಷ್ಯನ ಗುರುತುಗಳು. ಗಂಗೂಬಾಯಿಯವರ ಮಾತು ಇನ್ನೂ ಸ್ವಾರಸ್ಯದ್ದು. ಅವರ ದನಿ ದಪ್ಪವಾಗಿ ‘ಗಂಡುದನಿ’ಯಾದಾಗ ಕೇಳುಗರು ಅದನ್ನು ಒಪ್ಪಿಕೊಂಡದ್ದು ಹೇಗೆ? ಒರಟು ಕಂಠದ ಗಂಡಸೊಬ್ಬ ಸೀರೆಯುಟ್ಟು ಹಾಡಿದರೆ ಅದರಲ್ಲಿ ಹೆಣ್ಣಿನ ದುಃಖ ಕೇಳಿಸುತ್ತದೆ ಎಂಬುದನ್ನು ನಾಟಕ ಈ ಸೀಮೆಯ ಕಿವಿಗಳಿಗೆ ಮೊದಲೇ ಕಲಿಸಿತ್ತು. ದನಿ ದೇಹದ ಆಸ್ತಿಯಲ್ಲ, ದುಡಿದು ಸಂಪಾದಿಸಿದ್ದು ಎಂಬ ಆ ಪಾಠದ ದೊಡ್ಡ ಫಲ ಗಂಗೂಬಾಯಿ ಹಾನಗಲ್ಲರು.

ಎದುರು ಮಾತುಗಳಿಗೂ ಬರೋಣ. ಅವು ಹಗುರಾದವಲ್ಲ.

ಮೊದಲನೆಯದು, ಗುರುದ್ರೋಹ. ಖಾನಸಾಹೇಬರಿಗೆ ನಾಟಕ ಇಷ್ಟವಿರಲಿಲ್ಲ ನಿಜ. ಅವರೇ ಮುಂದೆ ‘ಮಾನಾಪಮಾನ’ದ ‘ಚಂದ್ರಿಕಾ ಹೀ ಜಣು’ ಪದವನ್ನು ತಟ್ಟೆಗೆ ಹಾಡಿದ್ದೂ ನಿಜ. 1911ರಲ್ಲಿ ರಂಗಕ್ಕೆ ಬಂದ ಖಾಡಿಲ್ಕರರ ಆ ನಾಟಕಕ್ಕೆ ಗೋವಿಂದರಾವ ಟೆಂಬೆಯವರು ಚಾಲು ಕೊಟ್ಟಿದ್ದರು. ಗುರು ಬೇಡವೆಂದದ್ದು ಅಲೆದಾಟದ ಬಾಳನ್ನು ಇರಬಹುದು, ನಾಟಕದ ಸಂಗೀತವನ್ನಂತೂ ಅಲ್ಲ. 1916ರ ‘ಸ್ವಯಂವರ’ಕ್ಕೆ ಸಂಗೀತ ಕೊಟ್ಟವರು ಭಾಸ್ಕರಬುವಾ ಬಖಲೆ, ಧಾರವಾಡದಲ್ಲಿ ಪಾಠ ಹೇಳಿದ ಘನ ಗವಾಯಿ. ಬಾಲಗಂಧರ್ವರ ಕಂಪನಿಯಲ್ಲಿ ವರ್ಷಗಟ್ಟಲೆ ತಬಲಾ ನುಡಿಸಿದವರು ಅಹಮದ್‌ಜಾನ್ ತಿರಕವಾ. ತಿರಕವಾ ನಾಟಕದಲ್ಲಿ ಕೆಟ್ಟರು ಎಂದು ಯಾವ ಪುಣ್ಯಾತ್ಮನೂ ಬರೆದದ್ದನ್ನು ನಾನು ಓದಿಲ್ಲ. ಬಣ್ಣ ಹಚ್ಚಿದವನು ಕೆಟ್ಟ, ಬಣ್ಣದವನ ಪಕ್ಕ ಕೂತು ನುಡಿಸಿದವನು ಉಳಿದ ಎಂದಾದರೆ, ನಮ್ಮ ಆಕ್ಷೇಪ ಸಂಗೀತದ್ದಲ್ಲ, ಬಣ್ಣದ್ದು.

ಎರಡನೆಯದು, ಪಾಠಕ್ಕೆ ಆದ ನಷ್ಟ. ಇದನ್ನು ನಾನು ಒಪ್ಪುತ್ತೇನೆ. ಕಂಪನಿಯ ಹಿಂದೆ ತಿರುಗುವ ಗುರುವಿನಿಂದ ಗಂಗೂಬಾಯಿಯವರಿಗೆ ಮೊದಮೊದಲು ಸಿಕ್ಕದ್ದು ತುಂಡು ಪಾಠ. ಗುರು ಮೂವತ್ತರ ದಶಕದಲ್ಲಿ ಕುಂದಗೋಳದಲ್ಲಿ ನೆಲೆನಿಂತ ಮೇಲೆಯೇ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗಿಬಂದು ನೆಟ್ಟಗೆ ಕಲಿಯಲು ಆದದ್ದು. ಆಗಲೂ ಗುರು ಕೊಡುತ್ತಿದ್ದದ್ದು ಜಿಪುಣ ಕಾಸು ಎಣಿಸಿ ಕೊಟ್ಟಂತೆ, ಒಂದೊಂದೇ ಸ್ವರಪುಂಜ. ನಲವತ್ತರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಹೀಗಾಗಿ ಗುರುವಾಗಿ ಅವರಿಗೆ ನೆಮ್ಮದಿಯಿಂದ ಸಿಕ್ಕದ್ದು ಕೆಲವೇ ವರ್ಷ. ಕಂಪನಿ ಇನ್ನಷ್ಟು ಬೇಗ ಬಿಟ್ಟಿದ್ದರೆ ಇನ್ನಿಷ್ಟು ಶಿಷ್ಯರು ಬರುತ್ತಿದ್ದರೇನೋ. ಆದರೆ ಈ ಲೆಕ್ಕ ಹಾಕುವವರು ಇನ್ನೊಂದು ಕಾಲಮ್ಮನ್ನೂ ತುಂಬಬೇಕು: ಸಂಸ್ಥಾನದ ಆಶ್ರಯವಿಲ್ಲದ, ಕಾರಕೂನನ ಮಗನಾದ ಹಾಡುಗಾರನಿಗೆ ಆ ಕಾಲದಲ್ಲಿ ಸಂಬಳ ಕೊಡುತ್ತಿದ್ದವರು ಮತ್ತಾರು?

ಮೂರನೆಯದು, ನಾಟಕ ಸಂಗೀತವನ್ನು ಕೆಡಿಸಿತು ಎಂಬ ಮಾತು. ಇಲ್ಲಿ ನನ್ನ ಅಭಿಪ್ರಾಯ ಪೂರಾ ತಿರುವುಮುರುವು. ನಾಟಕ ಸಂಗೀತವನ್ನು ಕೆಡಿಸಲಿಲ್ಲ. ಸಂಗೀತ ನಾಟಕವನ್ನು ಕೆಡಿಸಿತು. 1882ರ ‘ಸೌಭದ್ರ’ದಲ್ಲಿ ನೂರು ದಾಟುವಷ್ಟು ಪದಗಳಿವೆ. ಅಷ್ಟು ಪದಗಳ ನಡುವೆ, ಒಂದೊಂದಕ್ಕೂ ಎರಡು ಮೂರು ವನ್ಸ್ ಮೋರ್ ಬಿದ್ದರೆ, ಅರ್ಜುನ ಯಾವಾಗ ಸಂನ್ಯಾಸಿಯಾಗಬೇಕು, ಸುಭದ್ರೆ ಯಾವಾಗ ಸಿಗಬೇಕು? ಕಥೆ ಗೋಡೆಗೆ ಒರಗಿ ತೂಕಡಿಸುತ್ತದೆ. ಪಾತ್ರದ ಹೆಣ್ಣು ಮಾಯವಾಗಿ ಹಾಡುವ ಗಂಡಸು ಉಳಿಯುತ್ತಾನೆ. ಸವಾಯಿ ಗಂಧರ್ವರ ಮೇಲೆ ಹೊರಿಸಬಹುದಾದ ನಿಜವಾದ ದೋಷ ಇದು: ಅವರೂ ಅವರ ಸಮಕಾಲೀನರೂ ರಂಗವನ್ನು ರಂಗವಾಗಿ ಬೆಳೆಸಲಿಲ್ಲ, ಅದನ್ನೊಂದು ದೊಡ್ಡ ಬೈಠಕ್ ಮಾಡಿದರು. ದೂರು ಕೊಡಬೇಕಾದವರು ನಾಟಕದವರು. ವಿಚಿತ್ರವೆಂದರೆ ನೂರು ವರ್ಷದಿಂದ ದೂರು ಕೊಡುತ್ತಿರುವವರು ಸಂಗೀತದವರು.

ಈ ಮಡಿ ನಮ್ಮಲ್ಲಿಯದಷ್ಟೇ ಅಲ್ಲ. ಆಸ್ಟ್ರಿಯಾದ ಟೆನರ್ ರಿಚರ್ಡ್ ಟೌಬರ್ ಮೊಟ್ಸಾರ್ಟನ ಒಪೆರಾಗಳಲ್ಲಿ ಎಷ್ಟು ಹೆಸರು ಮಾಡಿದ್ದನೋ ಲೆಹಾರನ ಜನಪ್ರಿಯ ಒಪೆರೆಟ್ಟಾಗಳಲ್ಲೂ ಅಷ್ಟೇ ಮೆರೆದ. ಹಗುರ ಹಾಡಿಗೆ ಮಾರಿಕೊಂಡ ಎಂಬ ಮಾತು ಅವನನ್ನೂ ಬಿಡಲಿಲ್ಲ. 1947ರಲ್ಲಿ, ಸಾಯುವ ಕೆಲವೇ ತಿಂಗಳ ಮೊದಲು, ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ ಅವನು ಮತ್ತೆ ಮೊಟ್ಸಾರ್ಟನ ‘ಡಾನ್ ಜೊವಾನಿ’ಯಲ್ಲಿ ನಿಂತ. ವಾದಕ್ಕೆ ಕಂಠವೇ ಉತ್ತರ ಹೇಳಿತು.

ನಮ್ಮ ಸೀಮೆಯಲ್ಲಂತೂ ಗವಾಯಿ ಬೇರೆ, ನಾಟಕದವನು ಬೇರೆ ಎಂಬ ಗೆರೆ ಎಂದೂ ಇರಲಿಲ್ಲ. ಮರಾಠಿ ರಂಗಭೂಮಿಯ ಮೊದಲ ನಾಟಕವೆನ್ನುವ ವಿಷ್ಣುದಾಸ ಭಾವೆಯವರ ‘ಸೀತಾಸ್ವಯಂವರ’ 1843ರಲ್ಲಿ ಸಾಂಗಲಿಯಲ್ಲಿ ಆದದ್ದು ಕರ್ಕಿಯಿಂದ ಬಂದ ಕನ್ನಡದ ಭಾಗವತ ಮೇಳದ ಆಟ ನೋಡಿದ ಮೇಲೆ. ಸಾಂಗಲಿಯನ್ನಾಳಿದ ಪಟವರ್ಧನ ಮನೆತನದ್ದೇ ನಮ್ಮ ಜಮಖಂಡಿ. ‘ಸೌಭದ್ರ’ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರ ಊರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು. ಮುಧೋಳ, ಬನಹಟ್ಟಿ ಕಡೆ ಈಗಲೂ ಬೆಳತನಕ ನಡೆಯುವ ಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ಪದ ಎತ್ತಿದರೆ ಮೇಳದವರು ಅದನ್ನು ಹಿಡಿದು ತಿರುಗಿಸುವ ಬಗೆಯಲ್ಲಿ ಹಿಂದೂಸ್ತಾನಿ ರಾಗದ ನೆರಳು ಯಾವ ಕಿವಿಗೂ ಗೊತ್ತಾಗುತ್ತದೆ. ಪಾರಿಜಾತದ ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಇವರನ್ನು ನಾವು ‘ಜಾನಪದ’ದ ಕಪಾಟಿಗೆ ಹಾಕಿದ್ದೇವೆ, ಕುಂದಗೋಳದವರನ್ನು ‘ಶಾಸ್ತ್ರೀಯ’ದ ಕಪಾಟಿಗೆ. ಎರಡೂ ಕಪಾಟಿನ ಹಿಂದಿನ ಗೋಡೆ ಒಂದೇ.

ಕಪಾಟು ಮಾಡುವ ಈ ಚಟ ಹೆಂಗಸರ ಪಾಲಿಗೆ ಇನ್ನೂ ಕ್ರೂರವಾಯಿತು. ಬೀಳಗಿಯ ಗೋಹರಬಾಯಿ ಕರ್ನಾಟಕಿ ಬಾಲಗಂಧರ್ವರ ಕಂಪನಿ ಸೇರಿ, ಅವರು ಮಾಡುತ್ತಿದ್ದ ಹೆಣ್ಣುಪಾತ್ರಗಳನ್ನು ಹೆಣ್ಣಾಗಿಯೇ ಮಾಡಿದಳು. ಬಾಲಗಂಧರ್ವರ ಕೊನೆಗಾಲದ ಬಡತನದ ಬಾಕಿಯನ್ನೆಲ್ಲ ಅವಳ ಹೆಸರಿಗೆ ಬರೆಯುವವರು ಇಂದಿಗೂ ಇದ್ದಾರೆ. ಅವಳು ಹೇಗೆ ಹಾಡಿದಳು ಎಂದು ಕೇಳುವವರು ಕಡಿಮೆ. ತಂಗಿ ಅಮೀರಬಾಯಿ ಮುಂಬಯಿಗೆ ಹೋಗಿ 1943ರ ‘ಕಿಸ್ಮತ್’ ಚಿತ್ರದಲ್ಲಿ ಹಾಡಿ ದೇಶದ ಬಾಯಿಯಲ್ಲಿ ಕುಳಿತಳು. ಕನ್ನಡದಲ್ಲಿ ಅವಳ ಬಾಳನ್ನು ಪುಸ್ತಕವಾಗಿ ಕಟ್ಟಿಕೊಡಲು ರಹಮತ್ ತರೀಕೆರೆಯವರು ಬರಬೇಕಾಯಿತು. ರಾಮಭಾವು ಅವರಿಗೆ ನಾಟಕದಿಂದ ಮರಳಲು ಒಂದು ಮನೆ ಇತ್ತು. ಘರಾಣೆ ಎಂಬ ಮಾತಿನಲ್ಲೇ ಮನೆ ಇದೆ. ಈ ಅಕ್ಕತಂಗಿಯರಿಗೆ ಆ ಬಾಗಿಲು ಯಾರೂ ತೆರೆಯಲಿಲ್ಲ.

ಮಲ್ಲಿಕಾರ್ಜುನ ಮನಸೂರರ ಮಾತು ತೆಗೆದರೆ ನನ್ನ ವಾದಕ್ಕೆ ಇನ್ನೊಂದು ಕಂಬ ಸಿಗುತ್ತದೆ. ಹುಡುಗನಾಗಿ ಅವರು ವಾಮನರಾವ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿಯಲ್ಲಿದ್ದರು. ಮಿರಜದ ನೀಲಕಂಠಬುವಾ ಆಲೂರಮಠರು ಅವರ ಹಾಡು ಕೇಳಿ ಮೆಚ್ಚಿ ಶಿಷ್ಯನನ್ನಾಗಿ ಕರೆದೊಯ್ದದ್ದು ಅಲ್ಲಿಂದಲೇ. ಇದನ್ನು ಮನಸೂರರು ತಮ್ಮ ‘ನನ್ನ ರಸಯಾತ್ರೆ’ಯಲ್ಲಿ ಮುಚ್ಚಿಟ್ಟಿಲ್ಲ. ನಾವು ಮಾತ್ರ ಆ ಪುಟಗಳನ್ನು ಬಾಲ್ಯದ ತಮಾಷೆಯೆಂಬಂತೆ ಬೇಗ ಮಗುಚುತ್ತೇವೆ.

ನಮ್ಮ ಕಡೆ ‘ತಾಲೀಮು’ ಎಂಬ ಒಂದು ಮಾತಿದೆ. ಪೈಲವಾನ ಮಣ್ಣಿನಲ್ಲಿ ಮಾಡುವುದೂ ತಾಲೀಮು, ಗುರು ಶಿಷ್ಯನಿಗೆ ಚೀಜು ಹೇಳಿಕೊಡುವುದೂ ತಾಲೀಮು, ಊರ ಹುಡುಗರು ಗುಡಿಯ ಹಿಂದೆ ನಾಟಕ ಕಲಿಯುವುದೂ ತಾಲೀಮು. ವಿಮರ್ಶಕರು ಬೇರೆ ಮಾಡಿದ್ದನ್ನು ಭಾಷೆ ಬೇರೆ ಮಾಡಲಿಲ್ಲ. ‘ನಾಟಕದಾಂವ’ ಎಂದು ಮೂಗು ಮುರಿಯುತ್ತಿದ್ದ ನಮ್ಮ ಮಾವನ ಬಾಯಲ್ಲೂ ಈ ಮಾತು ಮೂರಕ್ಕೂ ಒಂದೇ ಆಗಿತ್ತು.

ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು. ಮನಸೂರರು ತೀರಿಕೊಂಡದ್ದು ಸರಿಯಾಗಿ ನಲವತ್ತು ವರ್ಷದ ಮೇಲೆ, 1992ರ ಸೆಪ್ಟೆಂಬರ್ 12ರಂದು. ಆ ದಿನ ಇಬ್ಬರ ಪಟಕ್ಕೂ ಮಾಲೆ ಹಾಕುವವರಲ್ಲಿ ನನ್ನದೊಂದೇ ಬೇಡಿಕೆ: ಪರಿಚಯದ ಮಾತು ಶುರುಮಾಡುವಾಗ ಘರಾಣೆಯ ಹೆಸರು ಹೇಳುವ ಮೊದಲು, ಇವರಿಬ್ಬರೂ ನಾಟಕದವರು ಎಂದು ಒಂದು ಸಲ ಹೇಳಿ.